ತಂಗಿಯ ಬೆನ್ನಿಗೆ ಬಾಳುವ ಕಾಗದ

"ಎಷ್ಟು ವರ್ಷ ಬಾಳಬೇಕಮ್ಮಾ ನಿಮಗೆ?" ಎಂದು ಕಾಗದದ ಅಂಗಡಿಯವನು ಕೇಳಿದ. ಕೇಳದೆ ಏನು ಮಾಡಿಯಾನು ಪಾಪ! ಟೈಲರಕ್ಕ ಅರ್ಧ ಗಂಟೆಯಿಂದ ಅವನ ಪ್ರಾಣ ಹಿಂಡುತ್ತಿದ್ದಳು. ತೋರಿಸಿದ ಹಾಳೆಯನ್ನೆಲ್ಲ ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ಗುಂಡುಸೂಜಿ ಚುಚ್ಚಿ ಎಳೆದು ನೋಡಿದಳು. ತೆಳು ಕಾಗದ ಸೂಜಿಗೇ ಹರಿಯಿತು. ಕಂದು ಕಾಗದ ಮಡಿಕೆಯಲ್ಲಿ ಬಿರುಕು ಬಿಟ್ಟಿತು. ರಟ್ಟಂತೂ ಬಾಗಲೇ ಇಲ್ಲ.

"ನಲವತ್ತು ವರ್ಷ," ಎಂದಳು.

"ಅಯ್ಯೋ, ಅಷ್ಟು ವರ್ಷ ನಾನೇ ಬಾಳಲ್ಲ! ಅಂಗಿ ಪ್ಯಾಟರ್ನಿಗೆ ಹಳೇ ನ್ಯೂಸ್‌ಪೇಪರ್ ಸಾಕಲ್ವಾ?"

ಇಷ್ಟು ದಿನ ಸಾಕಾಗಿತ್ತು. ಅವಳ ತಂಗಿ ಗುಬ್ಬಿಗೆ ಚಿಕ್ಕಂದಿನಿಂದ ಬೆನ್ನುಮೂಳೆ ಸೊಟ್ಟ. ಒಂದು ಭುಜ ಮೇಲೆ, ಒಂದು ಕೆಳಗೆ. ವರ್ಷ ಹೋದಂತೆ ಇನ್ನಷ್ಟು ಬಾಗು. ಅಕ್ಕ ಹೊಲಿದ ಅಂಗಿ ಹಾಕಿದರೆ ಮಾತ್ರ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಾಳೆ. ಗುಬ್ಬಿಗೂ ಮಿಷನ್ ತುಳಿಯಲು ಬರುತ್ತದೆ. ಆದರೆ ತನ್ನ ಬೆನ್ನಿನ ಅಳತೆ ತಾನೇ ತೆಗೆಯುವುದು ಯಾರಿಗೆ ಬರುತ್ತದೆ? ಬೇರೆಯವರ ಕೈ ತಾಗಿದರೆ ಮುದುಡಿಕೊಳ್ಳುತ್ತಾಳೆ. ಹಾಗಾಗಿ ಪ್ರತಿ ವರ್ಷ ಅಕ್ಕನೇ ಅಳತೆ ತೆಗೆದು, ಬಟ್ಟೆ ಕತ್ತರಿಸಲು ಕಾಗದದ ಮೇಲೆ ಹೊಸ ಪ್ಯಾಟರ್ನು ಗೀಚಿ, ಹಳೆಯದನ್ನು ಕಸಕ್ಕೆ ಹಾಕುತ್ತಿದ್ದಳು. ಹೋದ ವಾರ ಡಾಕ್ಟರು ಅಕ್ಕನ ಹೊಟ್ಟೆಯ ಸ್ಕ್ಯಾನು ನೋಡಿ, ಹೆಚ್ಚೆಂದರೆ ಆರು ತಿಂಗಳು ಎಂದುಬಿಟ್ಟಿದ್ದರು. ತಂಗಿಗೆ ಅದನ್ನು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಅಂಗಡಿಯವನು ಗೊಣಗುತ್ತಲೇ ಏಣಿ ಹತ್ತಿ, ಹಿಂಬದಿಗೆ ಬಟ್ಟೆ ಅಂಟಿಸಿದ ದಪ್ಪ ಕಾಗದದ ಸುರುಳಿಯೊಂದನ್ನು ಇಳಿಸಿದ. ಅದು ಸೂಜಿಗೂ ಜಗ್ಗಲಿಲ್ಲ, ಮಡಿಕೆಗೂ ಮುರಿಯಲಿಲ್ಲ. ಟೈಲರಕ್ಕ ಪೂರ್ತಿ ಸುರುಳಿಯನ್ನೇ ಹೊತ್ತು ತಂದಳು.

ಈ ವರ್ಷದ ಪ್ಯಾಟರ್ನು ಸಲೀಸಾಗಿ ಮುಗಿಯಿತು. ಮುಂದಿನವುಗಳದ್ದೇ ಪಡಿಪಾಟಲು. ಇಲ್ಲಿಯವರೆಗೆ ಬೆನ್ನು ಹೇಗೆ ಬಾಗಿತೆಂದು ನೆನಪಿಸಿಕೊಂಡು, ಇನ್ನು ಹೇಗೆ ಬಾಗೀತೆಂದು ಅಂದಾಜು ಮಾಡಿ, ಗುಬ್ಬಿಯ ಮೂವತ್ತೈದನೇ ವಯಸ್ಸಿಗೊಂದು, ನಲವತ್ತಕ್ಕೊಂದು ಎಂದು ಮೂರು ದಿನ ಬರೆದಳು. ಎಪ್ಪತ್ತರದ್ದು ಬರೆಯುವಾಗ ಗೆರೆ ಸೊಟ್ಟಗಾಯಿತು. ಹಾಳಾದ ಪೆನ್ಸಿಲ್ಲು ಎಂದು ಬೈದುಕೊಂಡಳು.

ಮೂರನೆಯ ದಿನ ಎಂದಿಗಿಂತ ಬೇಗ, ಮಧ್ಯಾಹ್ನವೇ ಕೆಲಸದಿಂದ ಬಂದ ಗುಬ್ಬಿ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಿ ಬಿದ್ದು ಬಿದ್ದು ನಕ್ಕಳು.

"ಏನೇ ಅಕ್ಕಾ, ಎಪ್ಪತ್ತು ಅಂತ ಬರೆದಿದ್ದೀಯ! ಮೂವತ್ತಕ್ಕೇ ನನ್ನ ಮುದುಕಿ ಮಾಡಿಬಿಟ್ಯಾ? ಅದನ್ನ ಆಗ ಬರೆದರಾಯ್ತಪ್ಪ. ನಿನಗೇನು ಈಗಲೇ ಅವಸರ?"

ಟೈಲರಕ್ಕ ಎಪ್ಪತ್ತರ ಹಾಳೆಯನ್ನು ಕೈಯಿಂದ ಮುಚ್ಚಿದಳು. ಗುಬ್ಬಿಯ ನಗು ನಿಂತಿತು.

"ಡಾಕ್ಟರು ಬರೀ ಗ್ಯಾಸು ಅಂದರು ಅಂದ್ಯಲ್ಲ?"

"ಸುಳ್ಳು ಹೇಳಿದೆ ಕಣೇ."

ಗುಬ್ಬಿ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಒಂಬತ್ತು ಇದ್ದವು.

"ಇಷ್ಟೂ ವರ್ಷ ನಾನೊಬ್ಬಳೇ ಇರಬೇಕಾ ಅಕ್ಕಾ?"

ಟೈಲರಕ್ಕ ತಂಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟಳು.