ಮೂರನೆಯ ಕೈ ಸುಣ್ಣ

ಎರಡನೆಯ ಕೈ ಸುಣ್ಣದ ಮೇಲೂ ಹಳದಿ ಎದ್ದಿತ್ತು. ಉಚ್ಚಂಗೆಮ್ಮ ಗೋಡೆಗೆ ಮೂಗು ಹಚ್ಚಿ ಮೂಸಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನಾ ಐತಿ. ಆರು ವರ್ಷ ಸಿಗರೇಟು ಕುಡದ ಗೋಡಿ, ಅಷ್ಟು ಸಲೀಸು ಬಿಡತೈತೇನು?"

"ಬಿಡಬೇಕ್ರಿ ಅತ್ತಿ," ಅಂದಳು ರೇಖಾ. "ಇದನ್ನ ಬಿಟ್ರ ಈ ಊರಾಗ ನಮಗ ಬ್ಯಾರೆ ಮನಿ ಇಲ್ಲ."

ಅದು ಸುಳ್ಳಲ್ಲ. ಕೊಟ್ಟೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕ ಮೇಲೆ ರೇಖಾ ಎಂಟು ತಿಂಗಳು ಹೊಸಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಓಡಾಡಿದ್ದಳು. ಕಂಡಕ್ಟರ್ ಗಂಡ ತಿಪ್ಪೇಶ ರಜೆ ಸಿಕ್ಕಾಗಲೆಲ್ಲ ಮನೆ ಹುಡುಕಿದ್ದ. ಬಾಡಿಗೆಗೆ ಇದೆ ಎಂದು ಬೋರ್ಡು ಹಾಕಿದವರು ಕೂರಿಸಿ ಮಾತಾಡಿಸುತ್ತಿದ್ದರು, ಊರು ಕೇಳುತ್ತಿದ್ದರು, ಆಮೇಲೆ "ನೀವು ಯಾವ ಪೈಕಿ?" ಅನ್ನುತ್ತಿದ್ದರು. ಉತ್ತರ ಕೇಳಿದ ಕೂಡಲೇ, ಅಯ್ಯೋ, ಮನೆ ನಿನ್ನೆಯೇ ಹೋಯಿತಲ್ಲ. ಬೋರ್ಡು ಮಾತ್ರ ಮರುವಾರವೂ ಅಲ್ಲೇ ಜೋತಾಡುತ್ತಿತ್ತು. ಹೀಗೆ ಹನ್ನೊಂದು ಮನೆ. ಹನ್ನೆರಡನೆಯದು ಗುರುಬಸಮ್ಮನದು. ಆಕೆಯೂ ಕೇಳಿದಳು, ಕೇಳಿಯೂ ಕೊಟ್ಟಳು. ಯಾಕೆ ಕೊಟ್ಟಳೆಂಬುದು ಬಾಗಿಲು ತೆಗೆದಾಗ ಮೂಗಿಗೇ ತಿಳಿಯಿತು.

ಹಿಂದೆ ಅಲ್ಲಿದ್ದವನು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿಯ ಎಂಜಿನಿಯರು, ಶ್ರೀನಾಥ ಅಂತ. ಊರೆಲ್ಲ ಗಾಳಿ ಹುಡುಕಿಕೊಂಡು ತಿರುಗಿದ ಪುಣ್ಯಾತ್ಮ ತನ್ನ ಮನೆಯ ಕಿಟಕಿಯನ್ನು ಒಂದು ದಿನ ತೆಗೆದವನಲ್ಲ. ಫ್ಯಾನಿನ ರೆಕ್ಕೆ, ಕಪಾಟಿನ ಒಳಮೈ, ಸ್ವಿಚ್ಚು, ಎಲ್ಲದಕ್ಕೂ ಅಂಟಂಟು ಹಳದಿ. ಅವನು ಬಿಟ್ಟ ಮೇಲೆ ಮನೆ ಒಂದು ವರ್ಷ ಖಾಲಿ ಬಿದ್ದಿತ್ತು. ಹೊಗೆಯ ನಾತಕ್ಕೆ ಯಾರೂ ಬಂದಿರಲಿಲ್ಲ.

ರೇಖಾ ಲೋಬಾನ ಹಾಕಿದಳು, ಫಿನಾಯಿಲ್ ಒರೆಸಿದಳು, ಮೂಲೆಮೂಲೆಗೆ ನಿಂಬೆಹಣ್ಣು ಹೋಳು ಮಾಡಿ ಇಟ್ಟಳು. ಮಧ್ಯಾಹ್ನ ಬಿಸಿಲು ಏರಿದರೆ ಗೋಡೆ ಮತ್ತೆ ನಾರುತ್ತಿತ್ತು. ಆಸ್ಪತ್ರೆಗೆ ಹೊರಟರೆ ಸಮವಸ್ತ್ರದಲ್ಲೂ ಅದೇ ವಾಸನೆ. ಕೊನೆಗೆ ಉಚ್ಚಂಗೆಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು. ನಲವತ್ತು ವರ್ಷ ಕೂಡ್ಲಿಗಿ ಕಡೆಯ ದೊಡ್ಡ ಮನೆಗಳಿಗೆ ಸುಣ್ಣ ಬಡಿದ ಕೈ ಅದು. ಹಳೆಯ ಬಣ್ಣವನ್ನು ಪೂರ್ತಿ ಹೆರೆಸಿದಳು. ಸೋಡಾ ಕಲೆಸಿದ ಬಿಸಿನೀರಿನಲ್ಲಿ ಎರಡು ಸಲ ತೊಳೆಸಿದಳು. ಸುಟ್ಟ ಸುಣ್ಣದ ಹರಳನ್ನು ಮೂರು ದಿನ ನೆನೆಹಾಕಿ ಸೋಸಿ, ಕತ್ತಾಳೆ ನಾರಿನ ಕುಂಚ ತಾನೇ ಜಜ್ಜಿ ಕಟ್ಟಿದಳು.

ಇಷ್ಟೆಲ್ಲ ಮಾಡುವ ಮುದುಕಿಗೆ ಬೀಡಿ ಇಲ್ಲದಿದ್ದರೆ ಕೈ ಓಡದು. ಆದರೆ ಈ ಮನೆಗೆ ಬಂದಂದಿನಿಂದ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸೇದಿ, ಬಾಯಿ ಮುಕ್ಕಳಿಸಿಯೇ ಒಳಗೆ ಬರುತ್ತಿದ್ದಳು. ಸೊಸೆ ನರ್ಸು, ಬೀಡಿ ಕಂಡರೆ ಬೈಯದೆ ಬಿಡುತ್ತಿರಲಿಲ್ಲ.

ಮೂರನೆಯ ಕೈ ಬಡಿದು ಒಂದು ವಾರವಾಯಿತು. ಹಳದಿ ಏಳಲಿಲ್ಲ. ಸುಡು ಬಿಸಿಲಿನ ಹೊತ್ತಿನಲ್ಲೂ ಗೋಡೆ ಬರೀ ಸುಣ್ಣ ಸುಣ್ಣ ಎಂದು ಗಮಗುಟ್ಟಿತು. ರೇಖಾಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

"ಗುರುಬಸಮ್ಮಾರನ್ನ ಕರದು ತೋರಿಸ್ತೀನ್ರಿ," ಅಂದಳು.

"ಕರೀಬ್ಯಾಡ."

"ಯಾಕ್ರಿ? ಅವರ ಮನೀನ ಅಲ್ಲಾ, ಅವರಿಗೂ ಸಂತೋಷ ಆಗತೈತಿ."

"ಕೆಲಸ ಮುಗೀತ್ರೀ ಅಂತ ನಾನು ಬಾಳ ಮಂದಿಗೆ ಹೇಳೀನವ್ವಾ. ಹೇಳಿದ ಮ್ಯಾಲ ಒಳಗ ನಿಂದರಿಸಿಕೊಂಡೋರನ್ನ ಕಾಣೆ."

ರೇಖಾ ನಕ್ಕಳು. ಅತ್ತೆ ಹಳೇ ಕಾಲದವಳು ಅಂದುಕೊಂಡು, ತಾನೇ ಹೋಗಿ ಕರೆದುಕೊಂಡು ಬಂದಳು.

ನಾಲ್ಕು ತಿಂಗಳಲ್ಲಿ ಗುರುಬಸಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಪಡಸಾಲೆಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದಳು. ಒಳಕೋಣೆಯಲ್ಲಿ ಎಳೆದಳು. ಕಪಾಟು ತೆಗೆದು ಅದರೊಳಗೆ ಮುಖ ಹಾಕಿ ಎಳೆದಳು.

"ಒಂಚೂರೂ ಇಲ್ಲ ನೋಡ್ರಿ ಸಿಸ್ಟರಮ್ಮ," ಅಂದಳು. ಮುಖ ಅರಳಿತ್ತು. "ಪೇಂಟಿನೋರು ಇದು ಹೋಗಂಗಿಲ್ಲ ಅಂತ ಕೈ ಎತ್ತಿದ್ರು. ನೀವು ಮಾಡಿ ತೋರಿಸಿದ್ರಿ."

"ಎಲ್ಲಾ ನಮ್ಮತ್ತಿ ಮಾಡಿದ್ದುರಿ. ಕುಂದರ್ರಿ, ಚಾ ತರ್ತೀನಿ."

"ಬ್ಯಾಡ್ರಿ, ಈಗರ ಕುಡದು ಬಂದೆ." ಗುರುಬಸಮ್ಮ ಕುರ್ಚಿಯ ಹತ್ತಿರವೂ ಹೋಗಲಿಲ್ಲ. "ನಮ್ಮ ಮಗಳು ಸುಮಲತಾ ಅಳಿಯನ ಕೂಡ ಇಲ್ಲಿಗೇ ಬರತೀನಿ ಅಂತಿದ್ಲು. ಈ ಹೊಗಿ ವಾಸ್ನಿ ನನಗಾಗಂಗಿಲ್ಲವ್ವ ಅಂತ ಬಿಟ್ಟಿದ್ಲು. ಈಗೇನು ಅಂತಾಳ? ನಿಮಗ ಅವಸರ ಇಲ್ರಿ, ಒಂದು ತಿಂಗಳು ತಗೊಳ್ರಿ."

ಹೊರಟ ಗುರುಬಸಮ್ಮ ಬಾಗಿಲಲ್ಲಿ ತಿರುಗಿ ಉಚ್ಚಂಗೆಮ್ಮನತ್ತ ನೋಡಿದಳು.

"ಬೇ ಉಚ್ಚಂಗಿ, ಸುಣ್ಣ ಉಳದೈತೇನು? ಉಳದಿದ್ರ ಹೋಗೂದ್ರಾಗ ನಮ್ಮ ಹಿಂದಿನ ಗೋಡಿಗೂ ಒಂದು ಕೈ ಬಡದು ಹೋಗು. ಬಾಳ ಚಂದ ಐತಿ ನಿನ್ನ ಕೈ."

ತನಗಿಂತ ಹತ್ತು ವರ್ಷ ದೊಡ್ಡವಳಿಗೆ ಹಾಗೆ ಹೇಳಿ ಗುರುಬಸಮ್ಮ ಮೆಟ್ಟಿಲಿಳಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿ ಹೋದವಳನ್ನು ಏನು ಮಾಡುವುದು?

ರೇಖಾ ಪಡಸಾಲೆಯ ಕಿಟಕಿಗಳನ್ನು ಒಂದೊಂದಾಗಿ ಎಳೆದು ಚಿಲಕ ಹಾಕಿದಳು. ಅದೇ ಕುರ್ಚಿ ತಂದು ನಡುವೆ ಇಟ್ಟಳು. ಒಲೆಯ ಹತ್ತಿರದ ಕಡ್ಡಿಪೆಟ್ಟಿಗೆ ತಂದು ಅತ್ತೆಯ ಕೈಗೆ ಕೊಟ್ಟಳು.

"ಕುಂದರ್ರಿ ಅತ್ತಿ. ಇಲ್ಲೇ ಸೇದ್ರಿ. ಕಟ್ಟೆಲ್ಲ ಮುಗಿಯಾಮಟ ಸೇದ್ರಿ. ಈ ತಿಂಗಳು ಪೂರಾ ಇಲ್ಲೇ ಸೇದ್ರಿ."

ಉಚ್ಚಂಗೆಮ್ಮ ಕೂತಳು. ಸಂಚಿಯಿಂದ ಬೀಡಿ ತೆಗೆದು ತುಟಿಗೆ ಇಟ್ಟಳು. ಕಡ್ಡಿ ಹಿಡಿದ ಬೆರಳುಗಳು ಸುಣ್ಣಕ್ಕೆ ಸುಲಿದು ಬೆಳ್ಳಗಾಗಿದ್ದವು. ಗೀರಲು ಹೋದವಳು ಎದುರಿನ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಎಲ್ಲೂ ಕುಂಚದ ಗೆರೆ ಕಾಣುತ್ತಿರಲಿಲ್ಲ.

ಹಚ್ಚದ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು, ಹಿತ್ತಲಿಗೆ ಹೋದಳು. ಕಲ್ಲಿನ ಮೇಲೆ ಕೂತ ಸದ್ದು, ಕಡ್ಡಿ ಗೀರಿದ ಸದ್ದು ಕೇಳಿಸಿತು. ಆಮೇಲೆ ಅವಳ ದನಿ.

"ರೇಖಾ, ಕಿಟಕಿ ತಗಿಯವ್ವಾ. ಮೂಲಿ ಕಡೆ ಸುಣ್ಣ ಇನ್ನಾ ಗಟ್ಟಿ ಹಿಡದಿಲ್ಲ. ಗಾಳಿ ಆಡ್ಲಿ."

ರೇಖಾ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಳು.