ಮಾಯಾ ಒರೆಸುವ ನೆಲ

ಸುಮನ ಪರಾತದ ಅಗಲ ತಟ್ಟೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಇನ್ನೂ ಅರ್ಧ ಅಗಲವೂ ಆಗಿರಲಿಲ್ಲ, ಅಷ್ಟರಲ್ಲಿ ಮಗಳು ಮಹಾಮಾಯಾ ಅಂಚಿಗೆ ಚೆಲ್ಲಿದ ಹಿಟ್ಟು ಒರೆಸಲು ಒದ್ದೆ ಬಟ್ಟೆ ತೂರಿಸಿದಳು. ಬಟ್ಟೆ ತಾಗಿ ರೊಟ್ಟಿ ಹರಿಯಿತು.

“ಅಯ್ಯ, ತಡಿ ಮಾಯಾ! ಹಿಂಗಾದ್ರ ನನ್ನೂ ತೊಳದು ಬೋರಲ ಹಾಕ್ತಿ ನೀ.”

ನಗಲಿ ಎಂದೇ ಹೇಳಿದ್ದು. ಎರಡನೇ ತರಗತಿಯ ಹುಡುಗಿ ನಗಲಿಲ್ಲ. ಶಾಲೆಯ ಅಂಗಿಯ ತೋಳು ಮಡಚಿಕೊಂಡು ನೆಲಕ್ಕೆ ಕೂತು ಒರೆಸತೊಡಗಿದಳು.

ಔರಾದಿನ ಬಸ್ಸಿಗೆ ಹೊರಟಿದ್ದ ಗಂಡ ವಿಶ್ವಾಸ ಬಾಗಿಲಲ್ಲಿ ಇಣುಕಿ, “ಭಾಳ ಶ್ಯಾಣ್ಯಾ ಆಗ್ಯಾಳ ನನ್ನ ಮಗಳು” ಎಂದು ಡಬ್ಬಿ ಎತ್ತಿಕೊಂಡು ಹೋದ. ಮಗಳು ಯಾಕೆ ಹೀಗೆ ಒರೆಸುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಸುಮನ ಅವನಿಗೂ ಹೇಳಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಈ ಹುಡುಗಿ ಹಿಟ್ಟಿನಲ್ಲಿ ಬೆಕ್ಕಿನ ಮೀಸೆ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಪುಡಿಗೆ ತಾನೇ ಕುಸುಬೆ ಎಣ್ಣೆ ಹಾಕಿಕೊಳ್ಳಲು ಹೋಗಿ ಹೊಸ್ತಿಲ ಹತ್ತಿರ ಚೆಲ್ಲಿದಳು. ಬಟ್ಟೆ ತರಲು ಓಡಿದಳು. ಅಷ್ಟರಲ್ಲಿ ತುಂಬು ಬಸುರಿ ಸುಮನ ಬೇಳೆಯ ಪಾತ್ರೆ ಹಿಡಿದು ಅಲ್ಲಿ ಕಾಲಿಟ್ಟಳು.

ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು, ಅಳಲಿಲ್ಲ. “ಬಿದ್ದಿದ್ದಕ್ಕೇ ಆಗ್ಯಾದೋ, ಮೊದಲೇ ಏನಾರ ಆಗಿತ್ತೋ, ಹೇಳಲಿಕ್ಕ ಬರಂಗಿಲ್ಲಮ್ಮಾ” ಎಂದರು ಡಾಕ್ಟರು.

ಹಲಬರ್ಗಾದಿಂದ ಬಂದ ಅತ್ತೆ ಶಾಲುಬಾಯಿ ಮಂಚದ ಪಕ್ಕ ಕೂತು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು, “ಎಣ್ಣಿ ಯಾರು ಚೆಲ್ಲಿದ್ರು?”

“ನಾನೇ ರೀ, ಅತ್ತಿ.”

“ಬಸರಿದ್ದಾಕಿಗಿ ಎಚ್ಚರ, ಖಬರ್ ಬ್ಯಾಡಾ? ಅಡಿಗಿ ಮಾಡ್ತಾ ಮಾಡ್ತಾನೇ ಒರಸ್ಕೋತ ಹೋಗು ಅಂತ ಎಷ್ಟು ಬಡ್ಕೊಂಡೀನಿ ನಿನಗ!”

ಸುಮನ ಗೋಡೆ ಕಡೆ ತಿರುಗಿ ಮಲಗಿದಳು. ಬೈಗುಳ ತನಗಷ್ಟೇ ಬೀಳಲಿ ಎಂದು ಆಡಿದ ಸುಳ್ಳು ಅದು. ಆದರೆ ಪರದೆಯ ಹಿಂದೆ ಮಾಯಾ ನಿಂತಿದ್ದಳು.

ಅಂದಿನಿಂದ ಒಗ್ಗರಣೆಯ ಸಾಸಿವೆ ಸಿಡಿದರೂ ಹುಡುಗಿ ಬಟ್ಟೆ ಹಿಡಿದು ಬರುತ್ತಾಳೆ. ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗಲೇ ಸೌಟು ತೊಳೆದಿಡುತ್ತಾಳೆ. ಆ ದಿನದ ಮಾತು ಮಾತ್ರ ಎತ್ತುವುದಿಲ್ಲ. ಅವಳು ಕೇಳದೆ ಉಳಿಸಿಕೊಂಡ ಪ್ರಶ್ನೆ ಏನೆಂದು ಸುಮನಳಿಗೆ ಗೊತ್ತು. ಕೇಳದೇ ಇದ್ದರೆ ಕೂಸು ಒಳಗೊಳಗೇ ಬೇಯುತ್ತದೆ. ಕೇಳಿದರೆ ಏನು ಹೇಳುವುದು? ಒಮ್ಮೆ ಸುಳ್ಳು ಹೇಳಿದ ತಾಯಿಯನ್ನು ಅವಳು ನಂಬುತ್ತಾಳೆಯೇ?

ಈಗ ಸುಮನ ಮಗಳ ಕೈಯ ಬಟ್ಟೆಗೆ ಕೈ ಚಾಚಿದಳು. “ಬಿಡು ಬಾಳಾ, ನನ್ನ ಕೂಸ, ಸಾಲಿಗಿ ಹೊತ್ತಾತು. ನಾ ಒರಸ್ತೀನಿ.”

“ಬ್ಯಾಡಾ. ನೀ ಬರಬ್ಯಾಡ ಇಲ್ಲಿ. ಹಸಿ ಅದಾ, ಜಾರ್ತಿ.”

ಸುಮನ ಗ್ಯಾಸ್ ಆರಿಸಿದಳು. ಪರಾತದಲ್ಲಿ ಹರಿದ ರೊಟ್ಟಿ ಹಾಗೇ ಉಳಿಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಒದ್ದೆ ನೆಲದ ಮೇಲೆ ಮಗಳ ಎದುರು ಕೂತಳು. ಸೀರೆ ತೊಯ್ದಿತು.

“ಹೇಳು. ಎಷ್ಟು ಹೊತ್ತಾದ್ರೂ ಕೂಡ್ತೀನಿ.”

ಮಾಯಾ ಬಟ್ಟೆಯನ್ನು ಹಿಂಡಿದಳು. ನೀರು ಬರಲಿಲ್ಲ, ಮತ್ತೂ ಹಿಂಡಿದಳು. ತಲೆ ಎತ್ತದೆ ಕೇಳಿದಳು:

“ಮಮ್ಮೀ, ತಮ್ಮ ನನ್ನ ಸಲುವಾಗಿ ಸತ್ತನೇನು?”