ಕಿಟಕಿಯಲ್ಲಿ ಬಾಲ

ಚಿತ್ರಗಾರನೂ ಅವನ ಭಾವನೂ ಒಂದೇ ಮೇಜಿಗೆ ಕೂತರೆ ಪ್ರಕಾಶಕಿ ಮೊದಲು ಮಸಿ ಬಾಟಲಿಯನ್ನು ಎತ್ತಿ ಬೀರುವಿನ ಮೇಲಿಡುತ್ತಿದ್ದಳು. ಹಾವು ಮುಂಗುಸಿ ಎಂದರೂ ಕಡಿಮೆಯೇ. ಹಾವು ಮುಂಗುಸಿ ನೆಂಟರಲ್ಲವಲ್ಲ.

ಜಗಳದ ಬೇರು ಒಂದು ಚೀಟಿ. ಅಕ್ಕನ ಗಂಡ ಬರೆದ ಮೊದಲ ಬಾಹ್ಯಾಕಾಶದ ಕಥೆಗೆ ಮುಖಪುಟ ಬೇಕಿತ್ತು. ‘ಹುಡುಗ’ ಎಂದು ಬರೆದರೆ ಎಲ್ಲಿ ಪಾಂಡಿತ್ಯ ಸವೆದೀತೋ ಎಂದು ಆ ಮಹಾಶಯ ಬರೆದದ್ದು: ‘ನೌಕೆಯ ಕಿಟಕಿಯಲ್ಲಿ ಬಾಲ ಕಾಣಬೇಕು.’ ಕಥೆ ಕೊಡದೆ ಬರೀ ಚೀಟಿ ಕೊಟ್ಟರೆ ಇನ್ನೇನಾದೀತು? ಚಿತ್ರಗಾರ ಕಿಟಕಿಯಿಂದ ಕುಚ್ಚಿನ ಬಾಲವೊಂದನ್ನು ಸೊಗಸಾಗಿ ಇಳಿಬಿಟ್ಟ. ಭಾವ ನೋಡುವಷ್ಟರಲ್ಲಿ ಅಚ್ಚಾಗಿಹೋಗಿತ್ತು. ಮಕ್ಕಳು ಮುಗಿಬಿದ್ದರು. ಅಲ್ಲಿಂದಾಚೆ ಎಲ್ಲ ಪುಸ್ತಕಗಳಲ್ಲೂ ಬಾಲದ ಹುಡುಗನೇ. ಭಾವನ ಹೆಸರು ಮುಖಪುಟದಲ್ಲಿ ದಪ್ಪಗೆ, ಬಾಲ ಬರೆದವನದು ಒಳಗೆಲ್ಲೋ ಇರುವೆಯಷ್ಟು. ತಲೆ ನೆರೆಯುವವರೆಗೂ ಚಿತ್ರಗಾರ ಬಯಸಿದ್ದು ಒಂದೇ, ಮುಖಪುಟದ ಮೇಲೆ ತನ್ನ ಹೆಸರು.

ಈಗ ಕಥೆಗಳೆಲ್ಲ ಸೇರಿ ಒಂದು ದೊಡ್ಡ ಪುಸ್ತಕವಾಗುತ್ತಿತ್ತು. ಪ್ರಕಾಶಕಿ ಮಾಡಿಸಿದ ಮುಖಪುಟದ ಮಾದರಿ ಮೇಜಿನ ಮೇಲಿತ್ತು. ಮೇಲೆ ಇಬ್ಬರ ಹೆಸರು, ಕೆಳಗೆ ಕಿಟಕಿ, ಕಿಟಕಿಯಲ್ಲಿ ಅದೇ ಬಾಲ. ಚಿತ್ರಗಾರ ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದ.

ಭಾವ ಬಿಳಿ ಬಣ್ಣದ ಡಬ್ಬಿಯನ್ನು ಮುಂದೆ ತಳ್ಳಿದ.

“ಬಾಲ ಅಳಿಸು. ಅಳಿಸಿದ್ರೆ ನಿನ್ನ ಹೆಸರು ಇರುತ್ತೆ, ಇಲ್ಲಾಂದ್ರೆ ಇಲ್ಲ.”

“ಮಕ್ಕಳು ಪುಸ್ತಕ ತಗೊಳ್ಳೋದೇ ಅದಕ್ಕೆ, ಭಾವ.”

“ತಗೊಳ್ಳೋದು ನನ್ನ ಕಥೆಗೆ! ನನ್ನ ಹತ್ರ ಬಾಲ ಬಿಚ್ಚಬೇಡ. ನಿಮ್ಮಕ್ಕನ ಮುಖ ನೋಡಿ ನಿಂಗೆ ಕೆಲಸ ಕೊಟ್ಟಿದ್ದು.”

ಮಾತು ಎದೆಗೆ ನಾಟಿತು. ಅಕ್ಕನ ಮುಖ ನೋಡಿಯೇ ತಾನೂ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದ. ಈ ಮನುಷ್ಯನ ಮೇಲೆ ಅವನಿಗೆ ಹೇಸಿಗೆಯೇ ಹುಟ್ಟಿತು. ಕುಂಚವನ್ನು ಬಿಳಿಯಲ್ಲಿ ಅದ್ದಿದ. ಭಾವ ಮೀಸೆಯಡಿ ನಕ್ಕ.

ಕುಂಚ ಬಾಲದ ತನಕ ಹೋಗಿ ನಿಂತಿತು, ಮತ್ತೆ ಮೇಲಕ್ಕೆ ಸರಿಯಿತು. ಚಿತ್ರಗಾರ ತನ್ನ ಹೆಸರನ್ನೇ ಒಂದೊಂದಕ್ಷರವಾಗಿ ಅಳಿಸಿದ. ಕಣ್ಣು ಒದ್ದೆಯಾಯಿತು.

“ಬಾಲ ಇದ್ರೆ ಹೆಸರಿಲ್ಲ ಅಂದ್ರಿ, ನೀವು ಹೇಳಿದ ಹಾಗೇ ಆಯ್ತಲ್ಲ,” ಎಂದು ಭಾವನಿಗೆ ಹೇಳಿ ಪ್ರಕಾಶಕಿ ಮಾದರಿಯನ್ನು ಅಚ್ಚಿಗೆ ಎತ್ತಿಟ್ಟಳು.

“ಈಗ ಹೆಸರು ನಿಮ್ಮದೊಂದೇ, ಭಾವ,” ಎಂದ ಚಿತ್ರಗಾರ, ಕುಂಚ ಒರೆಸುತ್ತ. “ಅದರ ಕೆಳಗೆ ಬಾಲ. ಯಾರದ್ದು ಅಂತ ಮಕ್ಕಳೇ ಹೇಳ್ತಾರೆ.”